ಮೂರು ಚುಕ್ಕೆಯ ಪದಕ
ದಾವಣಗೆರೆ ಮಂಡಿಪೇಟೆ ಬಳಿಯ ಕೆತ್ತನೆ ಅಂಗಡಿಯೊಂದರಲ್ಲಿ ನಮ್ಮ ಇತಿಹಾಸ ಬಳಗದ ಸ್ಮಾರಕ ಪದಕ ಮಾಡಿಸಿದೆವು. ಕಾಡು ಗುಡ್ಡ ಸುತ್ತಿ ಶಾಸನ ಹುಡುಕುವುದನ್ನು ನಮಗೆ ಕಲಿಸಿ ತೀರಿಹೋದ ಮೇಷ್ಟ್ರ ನೆನಪಿಗೆ, ಕ್ಷೇತ್ರಕಾರ್ಯ ಮಾಡಿದ ವಿದ್ಯಾರ್ಥಿಗೆ ಕೊಡುವ ಪದಕವಿದು. ಹಿಮಾಲಯದಾಚೆ ಹೆಜ್ಜೆ ಎಣಿಸುತ್ತಾ ಟಿಬೆಟ್ ಅಳೆದ ನೈನ್ ಸಿಂಗ್ ರಾವತ್‌ಗೆ 1877ರಲ್ಲಿ ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟ ಕಥೆಯನ್ನು ಮೇಷ್ಟ್ರು ಎಷ್ಟು ಸಲ ಹೇಳಿದ್ದರೋ!

ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ, ಅಂಗೈಯಲ್ಲಿ ಹಿಡಿಸುವಷ್ಟು ಅಗಲ. ಒಂದು ಮಗ್ಗುಲಲ್ಲಿ ಮೇಷ್ಟ್ರ ಹೆಸರು. ಇನ್ನೊಂದರಲ್ಲಿ ಬ್ರಾಹ್ಮಿ ಲಿಪಿಯಲ್ಲಿ 'ಇಸಿಲ'. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ಬರುವ ಊರಿನ ಹೆಸರು ಅದು. ಬ್ರಾಹ್ಮಿಯ 'ಇ' ಅಂದರೆ ಬರೀ ಮೂರು ಚುಕ್ಕೆ. ಮೊದಲ ಮಾದರಿಯಲ್ಲಿ ಅವೇ ಮಾಯ! ಕೆತ್ತುವವರು ನಾವು ಕೊಟ್ಟ ಫೋಟೋದ ಮೇಲಿನ ಧೂಳು ಅಂದುಕೊಂಡಿದ್ದರಂತೆ. ನನಗೆ ಎದೆ ಧಸಕ್ಕೆಂದಿತು. ಆದರೆ ಅವರು ಒಂದು ಎದುರು ಮಾತೂ ಆಡದೆ, 'ಸರ್, ಅಕ್ಷರ ಹೇಗೆ ಓದೋದು ಹೇಳಿ' ಎಂದು ಸ್ಟೂಲು ಎಳೆದು ಕೂರಿಸಿದರು. ಅರ್ಧ ಗಂಟೆ ಕಲಿತರು. ಹೊಸ ಅಚ್ಚಿಗೆ ದುಡ್ಡು ಮುಟ್ಟಲಿಲ್ಲ.

ಪೆಟ್ಟಿಗೆಯ ಕೀಲು ಮಾತ್ರ ಸಡಿಲ, ರಿಬ್ಬನ್ ಬೇಗ ಎಳೆ ಬಿಡುತ್ತದೆ. ಅವನ್ನು ಬೇರೆ ಕಡೆ ತಗೊಳ್ಳಿ. ಕನ್ನಡದ ಒತ್ತಕ್ಷರಗಳು ಬೆರಳಾಡಿಸಿದರೆ ತಿಳಿಯುವಷ್ಟು ಚೊಕ್ಕ. ಮುಂದಿನ ವರ್ಷದ ಪದಕಕ್ಕೂ ಮುಂಗಡ ಕೊಟ್ಟು ಬಂದಿದ್ದೇನೆ.