ಟೆಂಪ್ಲೇಟ್, ಸ್ಪರ್ಧೆ, ಡಿಸೈನರ್: ಮೂರನ್ನೂ ಮಾಡಿ ನೋಡಿದ ಮೇಲೆ

ಕೈಯಲ್ಲಿ ಹೊಲಿದು ನೋಟ್‌ಬುಕ್ ಕಟ್ಟಿ ಮಾರುವುದು ನನ್ನ ಕೆಲಸ. ಜನ ಅಂದರೆ ನಾನು, ವಾರಕ್ಕೆ ಮೂರು ದಿನ ಬರುವ ಒಬ್ಬ ಸಹಾಯಕಿ, ಅಷ್ಟೇ. ಇಷ್ಟು ಸಣ್ಣ ವ್ಯಾಪಾರಕ್ಕೆ ಆರು ವರ್ಷದಲ್ಲಿ ಮೂರು ಲೋಗೊ ಆಗಿವೆ. ಹೇಳಿಕೊಳ್ಳುವಂಥ ಸಾಧನೆಯೇನಲ್ಲ. ಆದರೆ ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದಿದ್ದರಿಂದ ಯಾವುದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತೇನೆ: ಫೋನಿನಲ್ಲಿ ಉಗುರಿನಷ್ಟು ಕಾಣುವ ಪ್ರೊಫೈಲ್ ಚಿತ್ರ, ಪಾರ್ಸೆಲ್ ಡಬ್ಬಿ, ಬಿಲ್ಲು, ಆಮೇಲೆ ನೋಟ್‌ಬುಕ್ಕಿನ ಹಿಂಬದಿ ರಟ್ಟಿನ ಮೇಲೆ ಒತ್ತುವ ರಬ್ಬರ್ ಸ್ಟಾಂಪು. ಈ ನಾಲ್ಕು ಕಡೆ ನಿಲ್ಲದ ಗುರುತು ನನಗೆ ಪ್ರಯೋಜನವಿಲ್ಲ.

ಮೊದಲನೆಯದು ಟೆಂಪ್ಲೇಟ್ ಆಪ್, ಅಂದರೆ ಸಿದ್ಧ ಮಾದರಿ ಆರಿಸಿ ಹೆಸರು ಹಾಕಿಕೊಳ್ಳುವುದು. ಒಂದು ಸಂಜೆಯ ಕೆಲಸ, ಖರ್ಚು ಸೊನ್ನೆ. ಎಲೆಯ ಆಕಾರದ ನಿಬ್ಬು, ಕೆಳಗೆ ಬಳುಕುವ ಅಕ್ಷರದಲ್ಲಿ ಹೆಸರು. ಫೋನಿನಲ್ಲಿ ನಿಜವಾಗಿಯೂ ಚೆಂದ ಕಾಣುತ್ತಿತ್ತು. ಸ್ಟಾಂಪು ಮಾಡಿಸಲು ಕೊಟ್ಟಾಗ ಮಾಡುವವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಗೆರೆ ಇಷ್ಟು ತೆಳ್ಳಗಿದ್ದರೆ ಮಸಿ ಕೂತುಬಿಡುತ್ತೆ" ಅಂದರು. ನಾನು ಕೇಳಲಿಲ್ಲ. ಮೊದಲ ಹತ್ತು ಒತ್ತು ಚೆನ್ನಾಗಿಯೇ ಬಂತು. ಇಪ್ಪತ್ತರ ಹೊತ್ತಿಗೆ ಎಲೆಯ ನರಗಳ ನಡುವೆ ಮಸಿ ಗಟ್ಟಿಯಾಗಿ, ರಟ್ಟಿನ ಮೇಲೆ ಮೂಡಿದ್ದು ಎಲೆಯಲ್ಲ, ಜಜ್ಜಿದ ಜಿರಲೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುವುದು, ಮತ್ತೆ ಒತ್ತುವುದು, ಮತ್ತೆ ಉಜ್ಜುವುದು. ಡಬ್ಬಿಯ ಕಥೆ ಬೇರೆ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಪಿಎನ್‌ಜಿ ಫೈಲು. ಅದು ಚುಕ್ಕಿಗಳಿಂದ ಆದ ಚಿತ್ರ, ಹಿಗ್ಗಿಸಿದಷ್ಟೂ ಅಂಚು ಒಡೆಯುತ್ತದೆ.

ಇದೆಲ್ಲ ಸಹಿಸಬಹುದಿತ್ತು. ಒಂದು ದಿನ ಗಿಡ ಮಾರುವ ಅಂಗಡಿಯೊಂದರ ಪುಟದಲ್ಲಿ ಅದೇ ಎಲೆ ಕಂಡಿತು. ಅವರದೇನೂ ತಪ್ಪಿಲ್ಲ, ಅವರೂ ಅದೇ ಕಪಾಟಿನಿಂದ ತೆಗೆದವರು. ಎಲ್ಲರಿಗೂ ಸಿಗುವ ಸಿದ್ಧ ಚಿತ್ರವನ್ನು ನನ್ನೊಬ್ಬರ ಟ್ರೇಡ್‌ಮಾರ್ಕ್ ಅಂತ ಕಾಪಾಡಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಟ್ರೇಡ್‌ಮಾರ್ಕ್ ಇರುವುದೇ ಒಬ್ಬರ ಸರಕನ್ನು ಇನ್ನೊಬ್ಬರದರಿಂದ ಬೇರೆ ಮಾಡಿ ತೋರಿಸಲು.

ಎರಡನೆಯದು ಡಿಸೈನರ್‌ಗಳಿಗೆ ಇಡುವ ಲೋಗೊ ಸ್ಪರ್ಧೆ. ಬೇಕಾದ್ದನ್ನು ಬರೆದು, ಬಹುಮಾನದ ಮೊತ್ತ ಕಟ್ಟಿ ಕಾಯುವುದು. ಹತ್ತು ದಿನದಲ್ಲಿ ಅರವತ್ತಕ್ಕೂ ಹೆಚ್ಚು ಲೋಗೊ ಬಂದವು. ಸುಗ್ಗಿಯೋ ಸುಗ್ಗಿ. ಎಲ್ಲ ಬಂದ ಮೇಲೆ ಗೊತ್ತಾಯಿತು, ಅರವತ್ತರಲ್ಲಿ ಒಬ್ಬರೂ ನನಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅವರನ್ನು ದೂರುವುದು ಹೇಗೆ? ಗೆದ್ದವರಿಗೆ ಮಾತ್ರ ಕಾಸು ಅಂದ ಮೇಲೆ ಯಾರು ಕೂತು ವಿಚಾರಿಸುತ್ತಾರೆ? ತೆರೆದ ಪುಸ್ತಕ ಹದಿನೆಂಟು, ಗೂಬೆ ಒಂಬತ್ತು, ಉಳಿದದ್ದು ಪೆನ್ನು, ಗರಿ ಇತ್ಯಾದಿ. ಸ್ನೇಹಿತರಿಗೆ ಕಳಿಸಿ ಓಟು ಹಾಕಿಸಿದೆ. ಅದು ನನ್ನ ದಡ್ಡತನ. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಚಿತ್ರ ಆರಿಸಿದರೇ ವಿನಾ ನನ್ನ ಕೆಲಸಕ್ಕೆ ಹೊಂದುವುದನ್ನಲ್ಲ.

ಗೆದ್ದದ್ದು ಗೂಬೆ. ಪರದೆಯ ಮೇಲೆ ಹೊಳೆಯುತ್ತಿದ್ದ ಹಸಿರುನೀಲಿ ಡಬ್ಬಿಯ ಮೇಲೆ ಪಾಚಿ ಬಣ್ಣಕ್ಕೆ ತಿರುಗಿತು. ಪರದೆ ಆರ್‌ಜಿಬಿಯಲ್ಲಿ, ಅಂದರೆ ಕೆಂಪು ಹಸಿರು ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಸಿಎಂವೈಕೆಯಲ್ಲಿ, ಅಂದರೆ ನಾಲ್ಕು ಬಣ್ಣದ ಮಸಿಯಿಂದ. ಮಸಿಗೆ ಎಟುಕದ ಬಣ್ಣಗಳು ಬೇಕಾದಷ್ಟಿವೆ. ಕೊನೆಗೆ ನನ್ನನ್ನು ಮಲಗಿಸಿದ್ದು ಅಕ್ಷರ. ಅದರಲ್ಲಿದ್ದ ಫಾಂಟು ಸ್ವಂತ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಬೇರೆ ಲೈಸೆನ್ಸು ಬೇಕು ಅಂತ ಡಬ್ಬಿ ಅಚ್ಚಾದ ಮೇಲೆ ತಿಳಿಯಿತು.

ಸ್ಪರ್ಧೆಯಿಂದ ಆದ ಒಂದೇ ಉಪಕಾರ ಹೇಳಲೇಬೇಕು. ನನ್ನ ಹೆಸರನ್ನು ಅರವತ್ತು ರೀತಿಯಲ್ಲಿ ಬರೆದದ್ದು ನೋಡಿ ನೋಡಿ, ಹೆಸರೇ ಉದ್ದವಾಯಿತು ಅನ್ನುವುದು ತಲೆಗೆ ಹೋಯಿತು. ಮೂರು ಪದ, ಮೂರೂ ನಾನು ಮಾರುವ ಸರಕನ್ನೇ ವರ್ಣಿಸುವಂಥವು. ಸರಕನ್ನು ವರ್ಣಿಸುವ ಹೆಸರು ಮೊದಲ ದಿನ ಸುಲಭ, ಆದರೆ ಅದನ್ನು ಕಾನೂನಿನಲ್ಲಿ ತನ್ನದಾಗಿಸಿಕೊಳ್ಳುವುದು ಕಷ್ಟ. ಇನ್ನೊಂದು ತುದಿಯಲ್ಲಿ ಕ್ಯಾಮೆರಾ ಕಂಪನಿ ಕೊಡಕ್‌ನ ಹೆಸರಿದೆ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅರ್ಥವೇ ಇಲ್ಲದ ಆ ಪದವನ್ನು ಹೊಸದಾಗಿ ಕಟ್ಟಿದರು. ನಾನು ಅಷ್ಟು ದೂರ ಹೋಗಲಿಲ್ಲ. ಎರಡು ಪದ ಕಿತ್ತು ಒಂದನ್ನು ಉಳಿಸಿ, ಅದನ್ನೂ ಸ್ವಲ್ಪ ತಿರುಚಿದೆ. ಆಮೇಲೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಬ್ರ್ಯಾಂಡ್ ದತ್ತಕೋಶದಲ್ಲಿ, ನೋಟ್‌ಬುಕ್ ಬರುವ 16ನೇ ವರ್ಗದಲ್ಲಿ, ಅದೇ ಹೆಸರು ಬೇರೆ ಯಾರಿಗಾದರೂ ಇದೆಯೇ ಅಂತ ಹುಡುಕಿದೆ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕು ಸೇವೆಗಳಿಗೆ ಇರುವ 45 ವರ್ಗಗಳಲ್ಲಿ ನಮ್ಮದು ಯಾವುದು ಅಂತ ತಿಳಿದುಕೊಂಡರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಮೂರನೆಯದು ಡಿಸೈನರ್. ಮೊದಲ ಎರಡು ವಾರ ಅವರು ಒಂದು ಗೆರೆಯನ್ನೂ ಎಳೆಯಲಿಲ್ಲ, ಬರೀ ಪ್ರಶ್ನೆ. ಕಾಸು ವ್ಯರ್ಥವಾಯಿತು ಅಂದುಕೊಂಡೆ. ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಕೂತಿತು: "ನಿಮ್ಮಲ್ಲಿ ಕೊಂಡವರು ಅದನ್ನ ಇನ್ನೊಬ್ಬರಿಗೆ ಏನಂತ ಹೇಳ್ತಾರೆ?" ಗೊತ್ತಿರಲಿಲ್ಲ. ಹಳೆಯ ಮೆಸೇಜುಗಳನ್ನೆಲ್ಲ ಕೆದಕಿದೆ. ಎಲೆಯ ಬಗ್ಗೆ ಯಾರೂ ಬರೆದಿಲ್ಲ, ಗೂಬೆಯ ಬಗ್ಗೆ ಇಲ್ಲವೇ ಇಲ್ಲ. "ಬೆನ್ನಲ್ಲಿ ಕೆಂಪು ದಾರ ಕಾಣುತ್ತಲ್ಲ, ಅದೇ ಇನ್ನೊಂದು ಕಳಿಸಿ." "ಕೆಂಪು ದಾರದ್ದು ಸಣ್ಣ ಸೈಜಲ್ಲಿ ಇದೆಯಾ?" ಇಂಥವು ಹತ್ತಾರು. ಬೆನ್ನು ಮುಚ್ಚದೆ ಹೊಲಿಗೆ ಕಾಣುವ ಹಾಗೆ ಬಿಟ್ಟದ್ದು ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳಲಿ ಅಂತ. ಕೆಂಪು ದಾರ ಬಳಸಿದ್ದು ಆ ಉರುಳೆ ಮನೆಯಲ್ಲಿ ಬಿದ್ದಿತ್ತು ಅಂತ. ಅದೇ ನನ್ನ ಬ್ರ್ಯಾಂಡ್ ಆಗಿ ಕೂತಿತ್ತು, ನಾನು ಎಲೆ ಹುಡುಕುತ್ತಿದ್ದೆ.

ಅವರು ತೋರಿಸಿದ್ದು ಒಂದೇ ಗುರುತು: ಒಂದರ ಕೆಳಗೊಂದು ಐದು ಗಿಡ್ಡ ದಪ್ಪ ಗೆರೆ, ಪಕ್ಕದಲ್ಲಿ ಹೆಸರು. ಅರವತ್ತು ನೋಡಿದವರಿಗೆ ಒಂದು ಕೊಟ್ಟರೆ ಮೋಸ ಹೋದ ಹಾಗೆ ಅನಿಸುತ್ತದೆ. 1986ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪ್ಯೂಟರ್ ಕಂಪನಿಗೆ ಡಿಸೈನರ್ ಪಾಲ್ ರ‍್ಯಾಂಡ್ ಕೂಡ ಒಂದೇ ಲೋಗೊ ಕೊಟ್ಟು 1,00,000 ಡಾಲರ್ ಪಡೆದಿದ್ದರು. ಇದಕ್ಕೆ ಎದುರಾಗಿ ಎಲ್ಲರೂ ನೈಕಿ ಲೋಗೊದ ಕಥೆ ಹೇಳುತ್ತಾರೆ: 1971, ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್, 35 ಡಾಲರ್. ಅಗ್ಗದ್ದೂ ಸಾಕು ಅನ್ನಲು ಇದನ್ನು ಎಳೆದು ತರುವವರು, ಆಕೆ ಆ ಒಂದು ಕಂಪನಿಗೆಂದೇ ಕೂತು ಬರೆದವರು ಅನ್ನುವುದನ್ನು ಬಿಟ್ಟುಬಿಡುತ್ತಾರೆ.

ಐದು ಗೆರೆ ನನ್ನ ನಾಲ್ಕೂ ಪರೀಕ್ಷೆಯಲ್ಲಿ ಪಾಸು. ಕೈಗೆ ಬಂದದ್ದು ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಫೈಲು, ಒಂದೇ ಬಣ್ಣದ ಪ್ರತಿ, ಕಪ್ಪು ಹಿನ್ನೆಲೆಗೆ ಬಿಳಿಯದು, ದಾರಕ್ಕೆ ಹೊಂದುವ ಕೆಂಪಿನ ಪ್ಯಾಂಟೋನ್ ಸಂಖ್ಯೆ, ಅಂದರೆ ಪ್ರೆಸ್ಸಿನವರು ಬಣ್ಣ ಗುರುತಿಸುವ ನಂಬರು. ಈಗ ಪ್ರೆಸ್ಸಿಗೆ "ಸ್ವಲ್ಪ ಗಾಢ ಕೆಂಪು" ಅನ್ನಬೇಕಾಗಿಲ್ಲ, ನಂಬರು ಕೊಟ್ಟರಾಯಿತು. ಕೊರತೆಯೂ ಇದೆ. ಎರಡು ತಿಂಗಳ ಲಾಭ ಅವರ ಫೀಸಿಗೆ ಹೋಯಿತು, ಏಳು ವಾರ ಹಿಡಿಯಿತು, ಅಕ್ಷರದ ದಪ್ಪದ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಮೂರೂ ದಾರಿಗಳಿಗಿಂತ ದುಬಾರಿಯಾದದ್ದು ಲೋಗೊ ಬದಲಾಯಿಸಿದ್ದೇ. 2010ರಲ್ಲಿ ಬಟ್ಟೆ ಕಂಪನಿ ಗ್ಯಾಪ್ ಹೊಸ ಲೋಗೊ ತಂದು, ಜನ ರೇಗಿದ್ದಕ್ಕೆ ಸುಮಾರು ಒಂದು ವಾರದಲ್ಲಿ ಹಳೆಯದಕ್ಕೇ ಮರಳಿತು. ನಮ್ಮಂಥವರ ಮೇಲೆ ಯಾರೂ ರೇಗುವುದಿಲ್ಲ, ಗುರುತು ಸಿಗದೆ ಸುಮ್ಮನೆ ಮುಂದೆ ಹೋಗುತ್ತಾರೆ. ಎರಡು ವರ್ಷದಿಂದ ಕೊಳ್ಳುತ್ತಿದ್ದ ಒಬ್ಬರು ಗೂಬೆ ಬಂದ ಮೇಲೆ, "ಹಳೆಯವರು ಅಂಗಡಿ ಮಾರಿಬಿಟ್ಟರಾ?" ಅಂತ ಕೇಳಿದ್ದರು.

ಗೂಬೆಯನ್ನು ತೆಗೆದು ಡಿಸೈನರ್ ಸಿಗುವ ತನಕ, ಸುಮಾರು ಎಂಟು ತಿಂಗಳು, ನನಗೆ ಲೋಗೊ ಇರಲಿಲ್ಲ. ಮುಕ್ತ ಲೈಸೆನ್ಸಿನ ಸಾದಾ ಫಾಂಟಿನಲ್ಲಿ ಹೆಸರು ಬರೆದು ಮಾಡಿಸಿದ ಸ್ಟಾಂಪು ಒಂದೇ. ಮಾರಾಟ ಇದ್ದ ಹಾಗೇ ಇತ್ತು, ಯಾರೂ ಏನೂ ಕೇಳಲಿಲ್ಲ. ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲ ವರ್ಷ ಟೆಂಪ್ಲೇಟೂ ಬೇಡ, ಸ್ಪರ್ಧೆಯೂ ಬೇಡ, ಒಂದು ಬಣ್ಣದಲ್ಲಿ ಬರೀ ಹೆಸರು ಹಾಕಿ, ಗಿರಾಕಿಗಳು ನಿಮ್ಮನ್ನು ಏನಂತ ಕರೆಯುತ್ತಾರೆ ನೋಡಿ, ಆಮೇಲೆ ಡಿಸೈನರ್ ಹತ್ತಿರ ಹೋಗಿ. ಆ ಸ್ಟಾಂಪು ಈಗಲೂ ನನ್ನ ಮೇಜಿನ ಮೇಲಿದೆ. ಬಿಲ್ಲಿಗೆ ಸಹಾಯಕಿ ಇವತ್ತಿಗೂ ಅದನ್ನೇ ಒತ್ತುತ್ತಾಳೆ. ಡಿಸೈನರ್‌ಗೆ ಮಾತ್ರ ಹೇಳಿಲ್ಲ.