ಒಂದೇ ಕಾಫಿ ಕಣ, ಎರಡು ಚಿತ್ರ: ಮಡಿಕೇರಿ ಹತ್ತಿರದ ಚಿತ್ರಕಲಾ ಶಿಬಿರ

ಡಿಸೆಂಬರ್ ಕೊನೆಯ ಶನಿವಾರ, ಭಾನುವಾರ ಮಡಿಕೇರಿ ಹತ್ತಿರ ಒಂದು ತೋಟದ ಮನೆಯಲ್ಲಿ ನಡೆದ ಚಿತ್ರಕಲಾ ಶಿಬಿರಕ್ಕೆ ಹೋಗಿದ್ದೆ. ರಿಯಲಿಸಂ, ಇಂಪ್ರೆಷನಿಸಂ ಎಂಬ ಎರಡು ಚಿತ್ರಕಲಾ ಪಂಥಗಳನ್ನು ದಿನಕ್ಕೊಂದರಂತೆ ಕಲಿಸಿದರು. ಎರಡು ದಿನಕ್ಕೆ 2,800 ರೂಪಾಯಿ. ಬಣ್ಣ, ಕ್ಯಾನ್ವಾಸ್, ಬ್ರಶ್, ಮಧ್ಯಾಹ್ನದ ಊಟ ಎಲ್ಲ ಸೇರಿ. ಏಳು ಜನ ಇದ್ದೆವು.

ನನ್ನದು ಸುಂಟಿಕೊಪ್ಪ ಕಡೆ ನಾಲ್ಕು ಎಕರೆ ತೋಟ. ಬಿಡುವಾದಾಗ ಫೋಟೊ ನೋಡಿಕೊಂಡು ಚಿತ್ರ ಬಿಡಿಸುತ್ತೇನೆ. ಎಲೆಯ ನರವನ್ನೂ ಬಿಡದೆ ಬಿಡಿಸಿದರೆ ರಿಯಲಿಸಂ, ಮಸುಕಾಗಿ ಬಳಿದರೆ ಇಂಪ್ರೆಷನಿಸಂ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಮೊದಲ ದಿನ ಮೇಷ್ಟ್ರು ಒಂದು ಗಂಟೆ ಬ್ರಶ್ ಮುಟ್ಟಲು ಬಿಡಲಿಲ್ಲ. ಫ್ರಾನ್ಸಿನ ಕೂರ್ಬೆ 1849ರಲ್ಲಿ ಬಿಡಿಸಿದ 'ಕಲ್ಲು ಒಡೆಯುವವರು' ಚಿತ್ರದ ಪ್ರಿಂಟನ್ನು ಗೋಡೆಗೆ ಅಂಟಿಸಿದರು. ಒಬ್ಬ ಮುದುಕ, ಒಬ್ಬ ಹುಡುಗ. ಹರಿದ ಅಂಗಿ, ತೂತು ಬಿದ್ದ ಕಾಲುಚೀಲ. ಇಬ್ಬರ ಮುಖವೂ ಸರಿಯಾಗಿ ಕಾಣುವುದಿಲ್ಲ. ಮೂಲ ಚಿತ್ರ ಎಂಟು ಅಡಿಗಿಂತ ಜಾಸ್ತಿ ಅಗಲ ಇತ್ತು. 1945ರಲ್ಲಿ ಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ನಾಶವಾಯಿತು. ಆ ಕಾಲದಲ್ಲಿ ಅಷ್ಟು ದೊಡ್ಡ ಕ್ಯಾನ್ವಾಸ್ ಎಂದರೆ ರಾಜರಿಗೆ, ದೇವರಿಗೆ, ಯುದ್ಧಗಳಿಗೆ. ಕೂರ್ಬೆ ಅದನ್ನು ಕೂಲಿಯವರಿಗೆ ಕೊಟ್ಟ. ಯಾರನ್ನು ಬಿಡಿಸುತ್ತೀರಿ ಅನ್ನುವುದೇ ರಿಯಲಿಸಂನ ಮೊದಲ ಪ್ರಶ್ನೆ ಎಂದರು ಮೇಷ್ಟ್ರು. ಫೋಟೊದ ಹಾಗೇ ಬಿಡಿಸುವ ಶೈಲಿ ಬೇರೆ, ಅದು ಬಂದದ್ದು 1960ರ ದಶಕದಲ್ಲಿ, ಅಮೆರಿಕದಲ್ಲಿ.

ಆಮೇಲೆ ಕಾಫಿ ಹಣ್ಣು ಒಣಗಿಸುವ ಕಣಕ್ಕೆ ಹೋದೆವು. ಒಬ್ಬ ಹೆಂಗಸು ಕಾಫಿ ಹಣ್ಣು ಹರಡುತ್ತಿದ್ದರು. ಶಿಬಿರದವರು ಅವರನ್ನು ಕೇಳಿ ಒಪ್ಪಿಸಿ, ಆ ದಿನದ ಕೂಲಿಯ ಮೇಲೆ ಬೇರೆ ದುಡ್ಡೂ ಕೊಟ್ಟಿದ್ದರು. ಅದು ನನಗೆ ತುಂಬ ಇಷ್ಟವಾಯಿತು. ಅವರ ಒಡೆದ ಹಿಮ್ಮಡಿ, ಬಾಗಿದ ಬೆನ್ನು ಬಿಡಿಸುತ್ತಾ ಕೈ ನಿಂತೇ ಹೋಯಿತು. ನಮ್ಮ ಕಣದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವರಿದ್ದಾರೆ. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಅಬ್ಬಿ ಜಲಪಾತ ಎಲ್ಲ ಬಿಡಿಸಿದ್ದೇನೆ, ಅವರನ್ನು ಒಮ್ಮೆಯೂ ಬಿಡಿಸಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಅದೇ ಕಣ, ಈ ಸಲ ಇಂಪ್ರೆಷನಿಸಂ. ದಟ್ಟ ಮಂಜು. "ಅಕ್ಕಾ, ಆ ಕಪ್ಪು ಟ್ಯೂಬ್ ಇತ್ತ ಕೊಡಿ" ಎಂದು ಮೇಷ್ಟ್ರು ಎಲ್ಲರಿಂದಲೂ ಇಸಕೊಂಡರು. ಇಬ್ಬನಿ ಬೀಳುತ್ತದೆ ಎಂದು ರಾತ್ರಿ ಹಣ್ಣನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿರುತ್ತಾರಲ್ವಾ, ಆ ನೀಲಿ ಟಾರ್ಪಾಲು ಮಂಜಿನಲ್ಲಿ ನೀಲಿಯಾಗಿರಲೇ ಇಲ್ಲ. ಒಂದು ತರಹದ ಬೂದು ನೇರಳೆ. ನೆರಳೂ ಕಪ್ಪಲ್ಲ. ನೀಲಿ ಎಂದು ಗೊತ್ತಿದ್ದರೂ ಕಂಡದ್ದನ್ನೇ ಹಚ್ಚಬೇಕು, ಬಣ್ಣ ಕಲಸುತ್ತಾ ಕೂರುವ ಹಾಗಿಲ್ಲ. ಏಳೂಕಾಲಿಗೆ ಬಿಸಿಲು ಬಂತು. ಟಾರ್ಪಾಲಿನ ಅಂಚು ಕಿತ್ತಳೆಯಾಯಿತು. "ಇನ್ನು ಮುಟ್ಟಬೇಡಿ, ಇದು ಬೇರೆ ಚಿತ್ರ" ಎಂದರು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಗೋಧಿಯ ಬಣವೆಗಳನ್ನು ಇಪ್ಪತ್ತೈದರಷ್ಟು ಸಲ ಬಿಡಿಸಿದ್ದು ಇದಕ್ಕೇ. 1890-91ರಲ್ಲಿ, ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಿಸುತ್ತಾ.

ಮಂಜಿನ ಬಂದರನ್ನು ಬಿಡಿಸಿದ ಅವನ 'ಇಂಪ್ರೆಷನ್, ಸೂರ್ಯೋದಯ' ಚಿತ್ರವನ್ನು 1874ರಲ್ಲಿ ಪ್ಯಾರಿಸ್‌ನಲ್ಲಿ ನೋಡಿ ಒಬ್ಬ ವಿಮರ್ಶಕ ಗೇಲಿ ಮಾಡಿದ. ಆ ಗೇಲಿಯ ಮಾತೇ ಪಂಥದ ಹೆಸರಾಗಿ ಉಳಿಯಿತು. ಇನ್ನೊಂದು ವಿಷಯ. 1841ರಲ್ಲಿ ಬಣ್ಣ ತುಂಬಿದ ತವರದ ಟ್ಯೂಬ್ ಬರುವ ಮುಂಚೆ ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತುಕೊಂಡು ಬಯಲಿಗೆ ಹೋಗಿ ಬಿಡಿಸುವುದು ಎಷ್ಟು ಕಷ್ಟ!

ಈಗ ಕೊರತೆ. ಬ್ರಶ್ ಚೆನ್ನಾಗಿಲ್ಲ, ಕೂದಲು ಉದುರಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮದೇ ತೆಗೆದುಕೊಂಡು ಹೋಗಿ. ಕೊಟ್ಟದ್ದು ಅಕ್ರಿಲಿಕ್ ಬಣ್ಣ, ಬಿಸಿಲಿಗೆ ಬೇಗ ಒಣಗುತ್ತದೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಚ್ಚುವ ಮೊನೆಯ ರೀತಿ ಕಲಿಯಲು ನಿಧಾನವಾಗಿ ಒಣಗುವ ಆಯಿಲ್ ಬಣ್ಣ ಬೇಕಿತ್ತು. ಕೊನೆಯ ಎರಡು ಕಿಲೋಮೀಟರ್ ರಸ್ತೆಗೆ ಜೀಪೇ ಬೇಕು. ನೂಲ್ಪುಟ್ಟು, ಕೋಳಿ ಸಾರು ಚೆನ್ನಾಗಿತ್ತು.

ಎರಡೂ ಚಿತ್ರ ಈಗ ಜಗಲಿಯಲ್ಲಿವೆ. ಎರಡನೆಯದು ಹತ್ತಿರದಿಂದ ಬರೀ ಬಣ್ಣದ ಗೀರು. ಹತ್ತು ಹೆಜ್ಜೆ ಹಿಂದೆ ನಿಂತರೆ ಟಾರ್ಪಾಲು ಒದ್ದೆಯಾಗಿ ಕಾಣುತ್ತದೆ. ಹೂಮಳೆ ಬಿದ್ದು ಕಾಫಿ ಹೂ ಅರಳಿ ತೋಟ ಬೆಳ್ಳಗಾಗುವಾಗ ಇನ್ನೊಂದು ಶಿಬಿರ ಇಡಿ ಎಂದು ಮೇಷ್ಟ್ರನ್ನು ಕೇಳಿದ್ದೇನೆ. ಇಟ್ಟರೆ ತಂಗಿಯ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ.