ಮನೆಮಂದಿ ಗ್ರೂಪ್ ಫೋಟೋಗೆ ಕ್ಯಾನನ್ 24 ಎಂಎಂ ಪ್ಯಾನ್‌ಕೇಕ್ ಲೆನ್ಸ್

ಚಿಕ್ಕ ಸೈಜಿನ ಎಪಿಎಸ್-ಸಿ ಸೆನ್ಸರ್ ಇರೋ ಕ್ಯಾನನ್ ಡಿಎಸ್‌ಎಲ್‌ಆರ್ ಇಟ್ಕೊಂಡಿರೋರು ಎರಡನೇ ಲೆನ್ಸ್ ಅಂದ್ರೆ ಸೀದಾ 50 ಎಂಎಂ ಎಫ್ 1.8 ತಗೊಳ್ತಾರೆ, ಒಬ್ಬರ ಪೋರ್ಟ್ರೇಟ್‌ಗೆ ಅದು ಸೂಪರ್, ಆದ್ರೆ ಮನೆ ಹಾಲ್‌ನಲ್ಲಿ ಅಜ್ಜಿ ತಾತ ಮೊಮ್ಮಕ್ಕಳು ಎಲ್ಲಾ ಒಂದೇ ಫ್ರೇಮಲ್ಲಿ ಬರಬೇಕು ಅಂದ್ರೆ ಕಷ್ಟ. 10 ಅಡಿ ದೂರದಿಂದ ತೆಗೆದ್ರೆ 50ರಲ್ಲಿ ಬರೀ ನಾಲ್ಕೂವರೆ ಅಡಿ ಅಗಲ ಸಿಗುತ್ತೆ, 24ರಲ್ಲಿ 9 ಅಡಿ ದಾಟುತ್ತೆ. ಅದಕ್ಕೇ ನನ್ನ ಓಟು ಇಎಫ್-ಎಸ್ 24 ಎಂಎಂ ಎಫ್ 2.8 ಎಸ್‌ಟಿಎಂಗೆ.

ಪ್ಯಾನ್‌ಕೇಕ್ ಅಂದ್ರೆ ತೆಳ್ಳಗಿರೋ ಲೆನ್ಸ್, 125 ಗ್ರಾಂ ಅಷ್ಟೇ ತೂಕ, ಕ್ಯಾಮೆರಾ ಮೇಲೆ ಇದೆ ಅಂತಾನೇ ಗೊತ್ತಾಗಲ್ಲ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸನ್ನ 18 ಎಂಎಂಗೆ ಇಟ್ಟು ಹತ್ತಿರದಿಂದ ತೆಗೆದಾಗ ಸಾಲಿನ ತುದೀಲಿ ನಿಂತಿರೋ ಅತ್ತೆ ಮುಖ ಅಡ್ಡಡ್ಡ ಎಳೆದಂಗೆ ಕಾಣುತ್ತಲ್ಲ, ಇದ್ರಲ್ಲಿ ಆ ಕಾಟ ತುಂಬಾ ಕಮ್ಮಿ, ಆದ್ರೂ ತುದೀಲಿ ಚೂರು ಜಾಗ ಬಿಟ್ಟು ನಿಲ್ಲಿಸಿ.

ಒಂದು ಮಾತು, ಎಫ್ 2.8 (ಲೆನ್ಸ್ ಬಾಯಿ ಪೂರ್ತಿ ತೆರೆದಿರೋದು) ಇದೆ ಅಂತ ಅದ್ರಲ್ಲೇ ಗ್ರೂಪ್ ಫೋಟೋ ತೆಗೀಬೇಡಿ. ಎರಡು ಸಾಲು ಇದ್ರೆ ಬಾಯಿ ಕಿರಿದು ಮಾಡಿ ಎಫ್ 5.6 ಇಟ್ಟು ಮುಂದಿನ ಸಾಲಿನವರ ಕಣ್ಣಿಗೆ ಫೋಕಸ್ ಮಾಡಿ, ಹಿಂದಿನವರೂ ಶಾರ್ಪ್ ಆಗೇ ಬರ್ತಾರೆ. ಕೈ ನಡುಕ ಸರಿ ಮಾಡೋ ಸ್ಟೆಬಿಲೈಸೇಶನ್ ಇದ್ರಲ್ಲಿ ಇಲ್ಲ, ಆದ್ರೆ ಮಕ್ಕಳು ಅಲ್ಲಾಡೋದನ್ನ ಅದು ಹೇಗಿದ್ರೂ ತಡೆಯಲ್ಲ, ಶಟರ್ 1/125 ಸೆಕೆಂಡ್‌ಗಿಂತ ನಿಧಾನ ಮಾಡದೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ) ಏರಿಸಿ ಇಲ್ಲಾ ಫ್ಲಾಶ್ ಬೆಳಕನ್ನ ಬಿಳಿ ಸೀಲಿಂಗ್‌ಗೆ ಬಡಿಸಿ, ಮುಖದ ಮೇಲೆ ಎಷ್ಟು ಮೆತ್ತಗೆ ಬೀಳುತ್ತೆ ನೋಡಿ, ರೇಷ್ಮೆ ಸೀರೆ ಬಾರ್ಡರ್ ಕೂಡ ಚೆನ್ನಾಗಿ ಬರುತ್ತೆ.

ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾ ಇರೋರಿಗೆ ಇದಲ್ಲ, ನಿಮಗೆ 35 ಎಂಎಂ ನೋಡಿ. ದೊಡ್ಡ ಅಂಗಳ, ತೋಟ ಇರೋ ಮನೆಯವರು ಮಾತ್ರ 50ನ್ನೇ ಇಟ್ಕೊಳ್ಳಿ, ಹಿಂದೆ ಹೋಗೋಕೆ ಜಾಗ ಇದ್ರೆ ಮುಖಗಳು ಅದ್ರಲ್ಲೇ ಚೆಂದ.